ಬುದ್ಧರ ಬೆನ್ನು, ನಮ್ಮ ತಾಯಂದಿರ ಮಂಡಿ

ಇಂದಿನ ಧಮ್ಮಚಿಂತನೆ.

ವಂದನೆಗೆ ಯಾಕೆ ಬರುತ್ತಿಲ್ಲ ಎಂದು ಅಶೋಕಪುರಂನ ಹಿರಿಯ ತಾಯಂದಿರನ್ನು ಕೇಳಿದರೆ ಹಲವರದು ಒಂದೇ ಉತ್ತರ: "ಕೂತ್ರೆ ಏಳಕ್ಕಾಗಲ್ಲ ಕಣವ್ವ, ಮಂಡಿ ಹಿಡ್ಕೊಳುತ್ತೆ." ಬುದ್ಧರ ಮುಂದೆ ಕುರ್ಚಿಯಲ್ಲಿ ಕೂರುವುದು ಅಗೌರವ ಎಂಬ ಅಂಜಿಕೆ ಬೇರೆ.

ಮಜ್ಝಿಮ ನಿಕಾಯದ ಸೇಖ ಸುತ್ತ ನೋಡಿ. ಕಪಿಲವಸ್ತುವಿನಲ್ಲಿ ಶಾಕ್ಯರು ಹೊಸ ಸಭಾಭವನ ಕಟ್ಟಿ ಬುದ್ಧರನ್ನು ಕರೆದಿದ್ದರು. ತುಂಬಿದ ಸಭೆ. ರಾತ್ರಿ ಬಹಳ ಹೊತ್ತು ಧಮ್ಮ ಹೇಳಿದ ಬುದ್ಧರು, ಬೆನ್ನು ನೋಯುತ್ತಿದೆ, ಇನ್ನು ನೀನು ಹೇಳು ಎಂದು ಆನಂದರಿಗೆ ಒಪ್ಪಿಸಿ, ಸಂಘಾಟಿಯನ್ನು ನಾಲ್ಕು ಮಡಿಕೆ ಮಾಡಿ ಹಾಸಿ ಅಲ್ಲೇ ಬಲಮಗ್ಗುಲಾಗಿ ಮಲಗಿದರು. ಆನಂದರ ಮಾತು ಮುಗಿದಾಗ ಎದ್ದು ಸಾಧು ಎಂದರು. ಗುರುವೇ ಸಭೆಯಲ್ಲಿ ಬೆನ್ನು ಚಾಚಿದ ಮೇಲೆ ನಮ್ಮ ಕುರ್ಚಿಗೆ ಯಾರ ಅಪ್ಪಣೆ ಬೇಕು?

ಮಂಡಿ ಸವೆತ ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು, ಐವತ್ತು ದಾಟಿದ ಮೇಲಂತೂ ಇನ್ನೂ ಹೆಚ್ಚು. ಜೀವಮಾನವಿಡೀ ಕುಕ್ಕರಗಾಲಲ್ಲಿ ಕೂತು ಪಾತ್ರೆ ಉಜ್ಜಿದ, ನೆಲ ಒರೆಸಿದ ಮಂಡಿಗಳು ಇವು. 2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ ಮೈಸೂರಿಗೆ ಮೊದಲ ಸ್ಥಾನ ಬಂತಲ್ಲ, ಅದರಲ್ಲಿ ನಮ್ಮ ಪೌರಕಾರ್ಮಿಕ ಅಕ್ಕಂದಿರ ಮಂಡಿಗಳ ಪಾಲೂ ಇದೆ.

ನೋವು ಬಂದಾಗ ಹೆಂಗಸು ಏನೇನು ಬಿಡುತ್ತಾಳೆ ಗಮನಿಸಿ. ಮೊದಲು ಬಸ್ಸು ಹತ್ತುವುದು, ಆಮೇಲೆ ಮದುವೆಮನೆ, ತವರುಮನೆ, ಕೊನೆಗೆ ವಿಹಾರ. ಶೌಚಕ್ಕೆ ಕೂತು ಏಳುವುದೇ ಕಷ್ಟವೆಂದು ನೀರು ಕುಡಿಯುವುದನ್ನೂ ಕಡಿಮೆ ಮಾಡುತ್ತಾಳೆ. ಆದರೆ ಮುದ್ದೆ ತೊಳಸುವುದು, ಪಾತ್ರೆ, ಬಟ್ಟೆ ಯಾವುದೂ ನಿಲ್ಲುವುದಿಲ್ಲ. ಅವಳದೆಂಬುದೆಲ್ಲ ಹೋಗಿ ಮನೆಯವರ ಕೆಲಸ ಮಾತ್ರ ಉಳಿಯುತ್ತದೆ.

ಕೇಳಿದರೆ "ಪಡ್ಕೊಂಡು ಬಂದಿದ್ದು" ಎನ್ನುತ್ತಾರೆ. ಧಮ್ಮದೀಕ್ಷೆಯಾದ ಮನೆಯಲ್ಲಿ ಈ ಮಾತಿಗೆ ಜಾಗವಿರಬಾರದು. ಹಿಂದಿನ ಜನ್ಮದ ಕರ್ಮವೇ ಇಂದಿನ ಕಷ್ಟಕ್ಕೆ ಕಾರಣವೆಂಬ ವಾದವನ್ನು ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ತಳ್ಳಿಹಾಕಿದ್ದಾರೆ. ದುಃಖಕ್ಕೆ ಕಾರಣವಿದೆ ಎಂದಾದರೆ ಅದನ್ನು ಈ ಮನೆಯಲ್ಲೇ, ಈ ಬಚ್ಚಲಲ್ಲೇ ಹುಡುಕಬೇಕು.

ಅಣ್ಣತಮ್ಮಂದಿರೇ, ನೆಲ ಒರೆಸುವ ಕೆಲಸ ಇವತ್ತಿನಿಂದ ನಿಮ್ಮದಾಗಲಿ. ಉದ್ದ ಹಿಡಿಯ ಮಾಪ್ ತನ್ನಿ, ಪಾತ್ರೆ ತೊಳೆಯಲು ನಿಂತು ಮಾಡುವ ಕಟ್ಟೆ ಮಾಡಿಸಿ. ತಾಯಂದಿರೇ, ಮೆಡಿಕಲ್ ಶಾಪಿನ ನೋವಿನ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗಬೇಡಿ, ಹೊಟ್ಟೆಗೂ ಮೂತ್ರಪಿಂಡಕ್ಕೂ ಕೆಡುಕು. ಡಾಕ್ಟರಿಗೆ ತೋರಿಸಿ. ಕುರ್ಚಿಯಲ್ಲಿ ಕೂತು ಒಂದೊಂದೇ ಕಾಲನ್ನು ನೇರ ಚಾಚಿ ಕ್ಷಣಹೊತ್ತು ಹಿಡಿಯುವ ವ್ಯಾಯಾಮದಿಂದ ತೊಡೆಯ ಸ್ನಾಯು ಬಲವಾಗುತ್ತದೆ, ಮಂಡಿಯ ಭಾರ ಇಳಿಯುತ್ತದೆ.

ಬರುವ ಭಾನುವಾರದ ವಂದನೆಗೆ ಕುರ್ಚಿಗಳಿರುತ್ತವೆ. ಹಿಂದಿನ ಗೋಡೆಯ ಪಕ್ಕ ಅಲ್ಲ, ಮುಂದಿನ ಸಾಲಿನಲ್ಲೇ. ತ್ರಿಶರಣಕ್ಕೆ ಕೂತಲ್ಲೇ ಕೈಮುಗಿದರೆ ಸಾಕು.

ಭವತು ಸಬ್ಬ ಮಂಗಲಂ.