ಉತ್ತರ ಯಂತ್ರದ್ದು, ಒಪ್ಪಿಗೆ ನಮ್ಮದು

ಕಂಪ್ಯೂಟರು ಬಿಡಿಸಿಕೊಟ್ಟ ಸಮೀಕರಣದ ಉತ್ತರವನ್ನು ವಿದ್ಯಾರ್ಥಿಯು ತನ್ನದೆಂದು ಬರೆಯಬಹುದೇ? ಮೇಲುನೋಟಕ್ಕೆ ಇದು ಶಾಲೆಯ ಶಿಸ್ತಿನ ಮಾತು. ವಿಚಾರಿಸಿದರೆ, ಅರಿವಿನ ಹೊಣೆ ಯಾರದೆಂಬ ಧರ್ಮಪ್ರಶ್ನೆ.

ಮ್ಯಾಕ್ಸಿಮಾದಂಥ ಗಣಿತ ತಂತ್ರಾಂಶಗಳು ಆವರಣ ಬಿಡಿಸುವುದು, ಅಪವರ್ತಿಸುವುದು, ಮೂಲಗಳನ್ನು ಕಂಡುಹಿಡಿಯುವುದು ಇವೆಲ್ಲವನ್ನೂ ಕ್ಷಣಾರ್ಧದಲ್ಲಿ ಮಾಡುತ್ತವೆ. ಶ್ರಮ ಉಳಿಸುವುದು ತಪ್ಪಲ್ಲ. ಲಾಗರಿದಮ್ ಕೋಷ್ಟಕವನ್ನು ನಾವೆಲ್ಲ ಬಳಸಿದ್ದೇವೆ. ಅದರ ಒಂದೊಂದು ಅಂಕಿಯನ್ನೂ ನಾವೇ ಗಣಿಸಿದವರಲ್ಲ. ಹಾಗಾದರೆ ಬಿಟ್ಟುಕೊಡಬಾರದ್ದು ಯಾವುದು?

ಭಾಸ್ಕರಾಚಾರ್ಯನು 12ನೆಯ ಶತಮಾನದಲ್ಲಿ ರಚಿಸಿದ 'ಬೀಜಗಣಿತ'ದಲ್ಲಿ ಒಂದು ಲೆಕ್ಕವಿದೆ. ಕೋತಿಗಳ ಹಿಂಡಿನ ಐದನೆಯ ಒಂದು ಪಾಲಿನಿಂದ ಮೂರನ್ನು ಕಳೆದು, ಉಳಿದುದನ್ನು ವರ್ಗ ಮಾಡಿದಷ್ಟು ಕೋತಿಗಳು ಗುಹೆ ಹೊಕ್ಕವು. ಒಂದು ಮಾತ್ರ ಹೊರಗೆ ಕಾಣುತ್ತಿದೆ. ಹಿಂಡು ಎಷ್ಟು? ವರ್ಗಸಮೀಕರಣಕ್ಕೆ ಮೂಲಗಳು ಎರಡು: 50 ಮತ್ತು 5. ತಂತ್ರಾಂಶವೂ ಇವೆರಡನ್ನೇ ಕೊಡುತ್ತದೆ. ಆದರೆ ಐದರ ಐದನೆಯ ಪಾಲು ಒಂದು. ಅದರಿಂದ ಮೂರನ್ನು ಕಳೆದರೆ ಋಣಸಂಖ್ಯೆ. ಅಂಥದ್ದನ್ನು ಲೋಕ ಒಪ್ಪದೆಂದು ಆಚಾರ್ಯನು 5ನ್ನು ಬಿಟ್ಟನು. ಸಮೀಕರಣಕ್ಕೆ ಎರಡೂ ಸರಿ; ಕೋತಿಗಳಿಗೆ ಒಂದೇ ಸರಿ. ಈ ವಿವೇಚನೆಯು ಸಮೀಕರಣದೊಳಗೆ ಇಲ್ಲ, ಅದನ್ನು ಬರೆದವನಲ್ಲಿದೆ.

ಇನ್ನೊಂದು ನಿದರ್ಶನ. ಅಜ್ಞಾತ ರಾಶಿಯನ್ನು ಅದರಿಂದಲೇ ಭಾಗಿಸಿರೆಂದರೆ ಇಂಥ ತಂತ್ರಾಂಶಗಳು ಕೂಡಲೇ 1 ಎನ್ನುತ್ತವೆ. ಆ ರಾಶಿ ಸೊನ್ನೆಯಾಗಿರಬಾರದೆಂಬ ಕರಾರು ಅಲ್ಲಿ ಮೌನವಾಗಿ ಅಳಿಯುತ್ತದೆ. ಅದನ್ನು ನೆನಪಿಡಬೇಕಾದವರು ನಾವು.

ಹಾಗೆಂದು ಕೈಯಾರೆ ಬಿಡಿಸಿದ ಮಾತ್ರಕ್ಕೆ ಅರಿವು ಬಂದೀತೆ? ಪಕ್ಷಾಂತರವಾದಾಗ ಚಿಹ್ನೆ ಬದಲಾಗುವುದೆಂದು ಕಾರಣವರಿಯದೆ ಬಾಯಿಪಾಠ ಮಾಡಿದ ಬಾಲಕನೂ ಒಂದು ಯಂತ್ರವೇ; ಸ್ವಲ್ಪ ನಿಧಾನದ ಯಂತ್ರ, ಅಷ್ಟೆ. ಆದುದರಿಂದ ಯಾರು ಬಿಡಿಸಿದರೆಂಬುದಕ್ಕಿಂತ, ಉತ್ತರ ಏಕೆ ಸರಿಯೆಂದು ಯಾರು ಹೇಳಬಲ್ಲರೆಂಬುದೇ ಮುಖ್ಯ.

ನಮ್ಮ ಕಾಲದ ಶಾಲೆಗಳಲ್ಲಿ ಉತ್ತರದ ಕೆಳಗೆ 'ತಾಳೆ' ಎಂದು ಬರೆದು, ಸಿಕ್ಕ ಬೆಲೆಯನ್ನು ಮೂಲ ಲೆಕ್ಕದಲ್ಲಿಟ್ಟು ನೋಡುವ ಪದ್ಧತಿಯಿತ್ತು. ಅದು ಅಂಕಗಳಿಗಾಗಿ ಬರೆಯುವ ಸಾಲಲ್ಲ, ಸತ್ಯಕ್ಕೆ ಹಾಕುವ ರುಜು. ಒಮ್ಮೆಯೂ ಸ್ವತಃ ಬಿಡಿಸದವನಿಗೆ ಆ ರುಜು ಹಾಕುವ ಅರ್ಹತೆ ಬರುವುದು ಕಷ್ಟ. ಆದ್ದರಿಂದ ಮಕ್ಕಳು ಮೊದಲು ಕೈಯಾರೆ ಬಿಡಿಸಲಿ, ಅನಂತರ ಯಂತ್ರವನ್ನು ಧಾರಾಳವಾಗಿ ಬಳಸಲಿ. ದುಡಿಮೆಯನ್ನು ಯಂತ್ರಕ್ಕೆ ಒಪ್ಪಿಸಬಹುದು. ತಾಳೆ ನೋಡುವ ಹೊಣೆಯನ್ನು ಒಪ್ಪಿಸಲಾಗದು.