ಹೇಳದೆ ಕಾಯುವ ಮೈ

ಕ್ಯಾನ್ಸರ್ ಎಂದು ಗೊತ್ತಾದ ಕೂಡಲೇ ಎಲ್ಲರೂ ಕೇಳುವುದು ಒಂದೇ: ಯಾವ ಸ್ಟೇಜು? ಗೆಡ್ಡೆ ಎಷ್ಟು ಆಳಕ್ಕಿಳಿದಿದೆ, ದುಗ್ಧಗ್ರಂಥಿಗಳಿಗೆ ತಾಗಿದೆಯೆ, ದೂರದ ಅಂಗಕ್ಕೆ ಹಬ್ಬಿದೆಯೆ? ಇವೆಲ್ಲ ರೋಗ ಏನು ಮಾಡಿತು ಎಂಬ ವಿಚಾರಣೆ. ಅಷ್ಟು ದಿನ ಮೈ ಏನು ಮಾಡುತ್ತಿತ್ತು ಎಂದು ಕೇಳುವವರಿಲ್ಲ. ಬಹುಕಾಲ ಅದನ್ನು ಕೇಳುವ ದಾರಿಯೂ ಇರಲಿಲ್ಲ.

ಸುಳಿವು ಮಾತ್ರ ಹಳೆಯದು. 1863ರಷ್ಟು ಹಿಂದೆಯೇ ಬರ್ಲಿನ್ನಿನ ರುಡಾಲ್ಫ್ ವಿರ್ಶೊ ಗೆಡ್ಡೆಗಳೊಳಗೆ ಬಿಳಿ ರಕ್ತಕಣಗಳನ್ನು ಗುರುತಿಸಿದ್ದರು. ಅವು ಅಲ್ಲಿಗೇಕೆ ಬಂದವು ಎಂಬುದಕ್ಕೆ ಉತ್ತರ ಸಿಗಲು ಒಂದೂವರೆ ಶತಮಾನ ಬೇಕಾಯಿತು. 2006ರಲ್ಲಿ ಪ್ಯಾರಿಸ್ಸಿನ ಜೆರೋಮ್ ಗಾಲೊನ್ ಮತ್ತು ಸಂಗಡಿಗರು ದೊಡ್ಡ ಕರುಳಿನ ಗೆಡ್ಡೆಗಳನ್ನು ತೆಗೆದುಕೊಂಡು, ಅವುಗಳ ನಡುವಿನಲ್ಲೂ ಅಂಚಿನಲ್ಲೂ ಟಿ ಕೋಶಗಳು ಎಷ್ಟಿವೆ ಎಂದು ಎಣಿಸಿದರು. ನಮ್ಮ ರೋಗನಿರೋಧಕ ವ್ಯವಸ್ಥೆಯ ಈ ಕೋಶಗಳು ದಟ್ಟವಾಗಿದ್ದವರಲ್ಲಿ ರೋಗ ಮರುಕಳಿಸುವುದು ಕಡಿಮೆ, ವಿರಳವಾಗಿದ್ದವರಲ್ಲಿ ಹೆಚ್ಚು. 2018ರಲ್ಲಿ ಇದೇ ಎಣಿಕೆಯನ್ನು 13 ದೇಶಗಳ 2,681 ರೋಗಿಗಳಲ್ಲಿ ಪರೀಕ್ಷಿಸಿದಾಗಲೂ ಮಾತು ನಿಂತಿತು. ಕಳ್ಳ ನುಗ್ಗಿದ ರಾತ್ರಿ ಊರಿನಲ್ಲಿ ಎಷ್ಟು ಮನೆಯ ದೀಪ ಹೊತ್ತಿತ್ತು ಎಂದು ನೋಡಿ ಊರಿನ ಗತಿ ಹೇಳಿದ ಹಾಗಾಯಿತು ಇದು.

ಆಮೇಲೆ ಬಂದದ್ದು ಇನ್ನೂ ಸೂಕ್ಷ್ಮವಾದ ಓದು. ನಮ್ಮ ಜೀವಕೋಶಗಳಲ್ಲಿ ಪ್ರೊಟೀನು ತಯಾರಿಸುವ ಜೀನುಗಳು ಸುಮಾರು 20 ಸಾವಿರ. ಎಲ್ಲವೂ ಎಲ್ಲ ಹೊತ್ತಿನಲ್ಲೂ ಎಚ್ಚರವಾಗಿರುವುದಿಲ್ಲ. ಯಾವುದು ಎದ್ದಿದೆ, ಯಾವುದು ಮಲಗಿದೆ ಎಂಬುದು ಬಯಾಪ್ಸಿಯ ಚೂರಿನಲ್ಲಿರುವ ಆರ್‌ಎನ್‌ಎಯಿಂದ ತಿಳಿಯುತ್ತದೆ. 2015ರ ಒಂದು ಅಧ್ಯಯನ ಎರಡೇ ಜೀನುಗಳನ್ನು ಆರಿಸಿಕೊಂಡಿತು. ಒಂದು, ಶತ್ರುಕೋಶದ ಪೊರೆಗೆ ತೂತು ಕೊರೆಯುವ ಪರ್ಫೊರಿನ್ನಿನದು. ಇನ್ನೊಂದು, ಆ ತೂತಿನಿಂದ ಒಳಹೊಕ್ಕು ಕೋಶವನ್ನು ಸಾಯಿಸುವ ಗ್ರಾಂಜೈಮ್ ಎ. ಈ ಎರಡರ ಸದ್ದು ಎಷ್ಟು ಜೋರು ಎಂಬುದೇ ಅಲ್ಲಿ ನಡೆಯುತ್ತಿರುವ ಹೊಡೆತದ ಅಳತೆ.

ನನ್ನನ್ನು ಹೆಚ್ಚು ಬೆರಗುಗೊಳಿಸಿದ್ದು 2017ರಲ್ಲಿ ಪ್ರಕಟವಾದ 18 ಜೀನುಗಳ ಪಟ್ಟಿ. ಟಿ ಕೋಶಗಳನ್ನು ಹಿಡಿದಿಡುವ ಪಿಡಿ-1 ಎಂಬ ತಡೆಯನ್ನು ತೆಗೆಯುವ ಔಷಧ ಯಾರಿಗೆ ಫಲಿಸೀತು ಎಂದು ಅಂದಾಜು ಮಾಡಲು ಹುಟ್ಟಿದ ಪಟ್ಟಿ ಅದು. ಟಿ ಕೋಶಗಳನ್ನು ಕರೆತರುವ ಜೀನು ಅದರಲ್ಲಿದೆ; ಅವುಗಳ ಕೈ ಕಟ್ಟುವ ಜೀನೂ ಅದರಲ್ಲೇ ಇದೆ. ತಡೆಯುವವರ ಗುರುತು ಕಂಡರೆ ಅದು ಒಳ್ಳೆಯ ಶಕುನವಾಗುವುದು ಹೇಗೆ? ದಾಳಿಗೆ ಬಂದ ಟಿ ಕೋಶಗಳು ಸುರಿಸುವ ಇಂಟರ್‌ಫೆರಾನ್ ಗಾಮಾ ಎಂಬ ರಾಸಾಯನಿಕವೇ ಗೆಡ್ಡೆಗೆ ಗುರಾಣಿ ಹಿಡಿಯುವುದನ್ನು ಕಲಿಸುತ್ತದೆ. ಗುರಾಣಿ ಇದೆಯೆಂದರೆ ಏಟು ಬಿದ್ದಿತ್ತು ಎಂದರ್ಥ. ಅದನ್ನು ಸರಿಸಿದರೆ ಸಾಕು, ಅರ್ಧಕ್ಕೆ ನಿಂತ ಕೆಲಸ ಮುಂದುವರಿಯಬಹುದು. ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರ ನೊಬೆಲ್ ಬಂದದ್ದು ಇಂಥ ತಡೆಗಳನ್ನು ತೆಗೆಯುವ ಚಿಕಿತ್ಸೆಗೆ ದಾರಿ ತೋರಿಸಿದ್ದಕ್ಕೆ.

ಹಾಗೆಂದು ಜೀನುಗಳ ಪಟ್ಟಿಯನ್ನು ಹಣೆಬರಹವೆಂದು ನಂಬಿಬಿಡುವಂತಿಲ್ಲ. ಕರುಳಿನ ಗೆಡ್ಡೆಯಲ್ಲಿ ಶುಭವಾದ ಟಿ ಕೋಶಗಳ ದಟ್ಟಣೆ ಮೂತ್ರಪಿಂಡದ ಒಂದು ಬಗೆಯ ಕ್ಯಾನ್ಸರಿನಲ್ಲಿ ಎಷ್ಟೋ ಬಾರಿ ಅಶುಭ. 2011ರಲ್ಲಿ ಬ್ರಸೆಲ್ಸಿನ ಸಂಶೋಧಕರು ಇನ್ನೂ ತಮಾಷೆಯ ಕೆಲಸ ಮಾಡಿದರು. ಊಟವಾದ ಮೇಲೆ ನಕ್ಕವರ ರಕ್ತದಲ್ಲಿ ಬದಲಾಗುವ ಜೀನುಗಳ ಪಟ್ಟಿಯೊಂದು ಬೇರೆಯೇ ಸಂಶೋಧನೆಯಲ್ಲಿ ಸಿಕ್ಕಿತ್ತು. ಅದನ್ನು ಸ್ತನ ಕ್ಯಾನ್ಸರ್ ರೋಗಿಗಳ ಮಾಹಿತಿಗೆ ಹೊಂದಿಸಿದರು. ಅದೂ ಆಯಸ್ಸಿನ ಭವಿಷ್ಯ ನುಡಿಯಿತು! ಮನಬಂದಂತೆ ಆರಿಸಿದ ಜೀನುಗಳ ಪಟ್ಟಿಗಳಲ್ಲೂ ಬಹುಪಾಲು ನುಡಿದವು. ಗೆಡ್ಡೆ ಬೆಳೆಯುವ ವೇಗದ ನೆರಳು ಅಸಂಖ್ಯ ಜೀನುಗಳ ಮೇಲೆ ಬಿದ್ದಿರುವುದರಿಂದ ಎಲ್ಲಿ ಕೈಯಿಟ್ಟರೂ ಅದೇ ಸಿಗುತ್ತದೆ. ಭವಿಷ್ಯ ಸರಿಹೊಂದಿತೆಂದ ಮಾತ್ರಕ್ಕೆ ಕಾರಣ ತಿಳಿದಂತಾಗಲಿಲ್ಲ ಎಂಬ ಪಾಠ ನಗುವಿನ ಹೆಸರಿನಲ್ಲೇ ಸಿಕ್ಕಿತು.

ಭವಿಷ್ಯ ಸರಿಯಾಗಿದ್ದಾಗಲೂ ಅದು ಗುಂಪಿನದು. ನೂರು ಜನರಲ್ಲಿ ಎಂಬತ್ತು ಮಂದಿ ಉಳಿಯುತ್ತಾರೆ ಎನ್ನಬಹುದು; ಈ ಮಂಚದ ಮೇಲಿರುವ ಅಮ್ಮ ಎಂಬತ್ತರಲ್ಲೊಬ್ಬರೋ ಉಳಿದ ಇಪ್ಪತ್ತರಲ್ಲೊಬ್ಬರೋ ಎಂದು ಅಂಕಿ ಹೇಳಲಾರದು. ಯಾರಿಗೆ ಕಿಮೋ ಬೇಕು, ಎಷ್ಟು ಬೇಕು ಎಂದು ಯೋಚಿಸುವ ವೈದ್ಯರಿಗೆ ಅದು ಒಂದು ಆಸರೆ, ಅಷ್ಟೆ.

ಆದರೂ ನನಗೆ ಈ ವಿದ್ಯೆಯ ದೊಡ್ಡ ಕೊಡುಗೆ ಭವಿಷ್ಯದಲ್ಲಿಲ್ಲ, ಅದು ತೆರೆದು ತೋರಿಸುವ ಭೂತಕಾಲದಲ್ಲಿದೆ. ಕಾಯಿಲೆ ಬಿದ್ದವರು ನೊಂದು ಹೇಳುವುದುಂಟು: ನನ್ನ ಮೈಯೇ ನನಗೆ ದ್ರೋಹ ಮಾಡಿತು. ಮಾತು ಸುಳ್ಳಲ್ಲ, ಕ್ಯಾನ್ಸರಿನ ಕೋಶವೂ ನಮ್ಮದೇ. ಆದರೆ ಎಷ್ಟೋ ಮಂದಿಯಲ್ಲಿ, ಗಂಟು ಕೈಗೆ ಸಿಗುವ ಮುನ್ನವೇ, ಅವರು ಅಡುಗೆ ಮಾಡುತ್ತಲೋ ಬಸ್ಸಿಗೆ ಓಡುತ್ತಲೋ ಇದ್ದ ಹೊತ್ತಿನಲ್ಲಿ, ಅದೇ ಮೈಯ ಬೇರೆ ಕೋಶಗಳು ಗೆಡ್ಡೆಯನ್ನು ಗುರುತು ಹಿಡಿದಿದ್ದವು. ಯಾರ ಅಪ್ಪಣೆಗೂ ಕಾಯದೆ ಒಳನುಗ್ಗಿದವು, ಕೆಲವೆಡೆ ಸೋತವು. ಸೋತ ಕಡೆಯೂ ಅವುಗಳ ಹೆಜ್ಜೆಗುರುತು ಬಯಾಪ್ಸಿಯ ಚೂರಿನಲ್ಲಿ ಉಳಿದಿರುತ್ತದೆ. ಮೈಯನ್ನು ದ್ರೋಹಿಯೆನ್ನುವ ಮೊದಲು ಆ ಸಾಕ್ಷ್ಯವನ್ನೂ ಕೇಳಿಸಿಕೊಳ್ಳುವುದು ನ್ಯಾಯ.