ಕೊನೆಯ ಪಾಲು

ಇವನೇನು ಹಂದಿಯ ವಿಷಯ ಬರೆಯಹೊರಟ ಎಂದು ವಾಚಕರು ಮೂಗು ಮುರಿಯಬಾರದು. ನ್ಯಾಯದ ಬಗೆಗೆ ನನಗಿದ್ದ ನಂಬಿಕೆಯೊಂದನ್ನು ಕದಲಿಸಿದ್ದು ಆ ಪ್ರಾಣಿಯೇ.

ಇಂಗ್ಲೆಂಡಿನಲ್ಲಿರುವ ಮಗನ ಮನೆಗೆ ಹೋಗಿದ್ದಾಗ, ನೆರೆಯ ರೈತನೊಬ್ಬನ ಹಂದಿಯ ಕೊಟ್ಟಿಗೆಯನ್ನು ನೋಡಿದೆ. ಗಬ್ಬದ ಹಂದಿಗಳನ್ನು ಹಿಂದಿರುಗಲೂ ಆಗದ ಕಬ್ಬಿಣದ ಗೂಡುಗಳಲ್ಲಿ ಒಂದೊಂದಾಗಿ ನಿಲ್ಲಿಸುವುದು ಹಿಂದಿನ ಪದ್ಧತಿ. ಬ್ರಿಟನ್ನಿನಲ್ಲಿ 1999ರಲ್ಲಿ ಅದು ನಿಷಿದ್ಧವಾಯಿತು. ಈಗ ಅವು ಗುಂಪಾಗಿ ಓಡಾಡಿಕೊಂಡಿವೆ.

ಗೂಡು ಹೋಯಿತು, ಸ್ವಾತಂತ್ರ್ಯ ಬಂತು. ಬೆನ್ನಿಗೇ ಮೇಲುಕೀಳೂ ಬಂತು. ಗಬ್ಬದ ಹಂದಿಗೆ ಬೊಜ್ಜು ಬರಬಾರದೆಂದು ದಿನಕ್ಕೆ ಎರಡು, ಎರಡೂವರೆ ಕಿಲೋ ಆಹಾರವನ್ನಷ್ಟೇ ಕೊಡುತ್ತಾರೆ. ಕೆಲವೇ ನಿಮಿಷಗಳಲ್ಲಿ ಅದು ಮುಗಿಯುತ್ತದೆ, ಹಸಿವು ಮುಗಿಯುವುದಿಲ್ಲ. ಅದನ್ನು ನೆಲಕ್ಕೆ ಸುರಿದರೆ ದಾಂಡಿಗ ಹಂದಿಗಳು ಬಡವಾದವನ್ನು ಕಚ್ಚಿ ಓಡಿಸುತ್ತವೆ. ಮೊದಲ ಗಬ್ಬದ ಎಳೆಯವು ಕ್ರಮೇಣ ತಾವಾಗಿಯೇ ದೂರ ನಿಲ್ಲುತ್ತವೆ. ನೋಡಿದವರಿಗೆ ಅಲ್ಲಿ ಜಗಳವೇ ಕಾಣದು.

ನಾನು ನೋಡಿದಲ್ಲಿ ಬೇರೆ ಏರ್ಪಾಡಿತ್ತು. ಒಂದು ಸಲಕ್ಕೆ ಒಂದೇ ಹಂದಿ ಹೋಗಬಲ್ಲ ಕಿರಿದಾದ ಅಂಕಣ. ಒಳಹೊಕ್ಕೊಡನೆ ಹಿಂದಿನ ಬಾಗಿಲು ಮುಚ್ಚುತ್ತದೆ. ಕಿವಿಯ ಬಿಲ್ಲೆಯಿಂದ ಯಂತ್ರವು ಅದನ್ನು ಗುರುತಿಸಿ, ಅದರ ಪಾಲನ್ನು ಮಾತ್ರ ಸುರಿಯುತ್ತದೆ. ಉಂಡದ್ದು ಮತ್ತೆ ಬಂದರೆ ಏನೂ ಬೀಳದು.

“ಹಾಗಾದರೆ ಮೇಲುಕೀಳು ಹೋಯಿತಲ್ಲ?” ಎಂದೆ.

“ಎಲ್ಲಿ ಹೋದೀತು? ಬಲವಾದವೇ ಮೊದಲು ನುಗ್ಗುತ್ತವೆ, ಬಾಗಿಲಲ್ಲಿ ಕಚ್ಚಾಡುತ್ತವೆ. ಕೊನೆಯದಕ್ಕೂ ಅದರ ಪಾಲು ಉಳಿದಿರುತ್ತದೆ, ಅಷ್ಟೇ” ಎಂದ ರೈತ.

ಆ ‘ಅಷ್ಟೇ’ ಎಂಬ ಮಾತು ನನ್ನನ್ನು ಬಿಡಲಿಲ್ಲ. ನಮ್ಮ ಮನೆಯಲ್ಲಿ ಅಮ್ಮ ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುತ್ತಿದ್ದಳು. ಕೇಳಿದರೆ ‘ನನಗೆ ಹಸಿವಿಲ್ಲ’ ಎನ್ನುವಳು. ಜಗಳವಿಲ್ಲದ ಮನೆ ನಮ್ಮದೆಂದು ನಾವು ಹೆಮ್ಮೆಪಡುತ್ತಿದ್ದೆವು. ಇದನ್ನು ಹಂದಿಯ ಕೊಟ್ಟಿಗೆಯ ಪಕ್ಕದಲ್ಲಿಟ್ಟು ನೋಡುವುದು ಪಾಪವೆನ್ನಬಹುದು. ಅಮ್ಮನದು ಪ್ರೀತಿ, ಹಂದಿಯದು ಭಯ, ಒಪ್ಪಿದೆ. ಆದರೆ ಅವಳ ಪ್ರೀತಿಯಿಂದ ನಮ್ಮ ಕರ್ತವ್ಯ ತೀರಿತೆ? ಕೊನೆಯಲ್ಲಿ ಕೂರುವುದು ಅವಳ ಇಷ್ಟವಿರಬಹುದು. ಆಗ ಪಾತ್ರೆಯಲ್ಲಿ ಏನೂ ಉಳಿಯದಿದ್ದುದು ಯಾರ ಇಷ್ಟ?

ಮೇಲುಕೀಳನ್ನು ಬೇರುಸಹಿತ ಕೀಳುವ ತನಕ ನ್ಯಾಯ ಬಾರದೆಂದು ನಾನು ನಂಬಿದ್ದೆ. ಕೈಕಟ್ಟಿ ಕೂರುವುದಕ್ಕೆ ಆ ನಂಬಿಕೆ ಬಹಳ ಅನುಕೂಲವಾಗಿತ್ತು. ಅದು ಹೋಗುವಾಗ ಹೋಗಲಿ. ಕೊನೆಯವರ ಪಾಲನ್ನು ಮೊದಲಿನವರ ಕೈಗೆಟುಕದಂತೆ ತೆಗೆದಿಡುವುದು ಇಂದೇ ಆಗಬಹುದಾದ ಕೆಲಸ. ಅದಕ್ಕೆ ದೊಡ್ಡ ತತ್ತ್ವವೇನೂ ಬೇಡ. ಎರಡನೆಯ ಸಲ ಸಾರು ಹಾಕಿಸಿಕೊಳ್ಳುವಾಗ ನಾನೊಮ್ಮೆ ಪಾತ್ರೆಯೊಳಗೆ ಬಗ್ಗಿ ನೋಡಿದ್ದರೂ ಸಾಕಿತ್ತು.